ಅರಿವು ಕೇಂದ್ರದ ಬೀಗ ಸಂಜೆಗೂ ತೆಗೆಯಲಿ: ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ,

ಮಾನ್ಯರೇ, ನಮಸ್ಕಾರ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು, ಅಂದರೆ ಅರಿವು ಕೇಂದ್ರಗಳನ್ನು, ವಾರಕ್ಕೊಂದು ಸಂಜೆ ದೊಡ್ಡವರಿಗಾಗಿ ತೆರೆಯಿರಿ ಅಂತ ಕೇಳಲು ಈ ಪತ್ರ.

1894ರ ಜೂನ್ 23ರಂದು ಸ್ವಾಮಿ ವಿವೇಕಾನಂದರು ಶಿಕಾಗೋದಿಂದ ಮೈಸೂರು ಮಹಾರಾಜರಿಗೆ ಒಂದು ಪತ್ರ ಬರೆದರು. ನೀವು ಹಳ್ಳಿಗೊಂದು ಪುಕ್ಕಟೆ ಶಾಲೆ ತೆರೆದರೂ ಬಡವರ ಮಕ್ಕಳು ಬರುವುದಿಲ್ಲ, ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಾರೆ. ಅವರು ವಿದ್ಯೆಯ ಹತ್ತಿರ ಬರಲಾಗದಿದ್ದರೆ ವಿದ್ಯೆಯೇ ಅವರ ಹತ್ತಿರ ಹೋಗಬೇಕು ಅನ್ನುವುದು ಅದರ ಸಾರ. ದಾರಿಯನ್ನೂ ಹೇಳಿದ್ದರು. ಇಬ್ಬರು ಸಂನ್ಯಾಸಿಗಳು ಒಂದು ಕ್ಯಾಮೆರಾ, ಒಂದು ಗ್ಲೋಬ್, ಕೆಲವು ನಕ್ಷೆ ಹಿಡಿದು ಸಂಜೆ ಹೊತ್ತು ಊರಿಗೆ ಹೋದರೆ ಸಾಕು, ಎಷ್ಟೋ ಖಗೋಳ ಭೂಗೋಳ ಕಲಿಸಬಹುದು.

ಆ ಪತ್ರ ಬರೆಯುವ ಮುಂಚೆ ಅವರು ಸ್ಲೇಟನ್ ಲೈಸಿಯಂ ಬ್ಯೂರೋ ಎಂಬ ಭಾಷಣ ಏರ್ಪಡಿಸುವ ಕಂಪನಿಯ ಕರಾರಿನಲ್ಲಿ ಅಮೆರಿಕದ ಊರೂರು ತಿರುಗಿ ಭಾಷಣ ಮಾಡಿದ್ದರು. ದುಡ್ಡಿನ ವಿಷಯದಲ್ಲಿ ಬೇಸತ್ತು ಕರಾರಿನಿಂದ ಹೊರಬಂದರು. ಆ ಕಂಪನಿಯ ಹೆಸರಿನಲ್ಲಿರುವ ‘ಲೈಸಿಯಂ’ ಶುರುವಾದಾಗ ಅಲ್ಲಿ ಕಂಪನಿಯೂ ಇರಲಿಲ್ಲ, ಕರಾರೂ ಇರಲಿಲ್ಲ. ಅದರ ಕಥೆ ನಿಮಗೆ ಹೇಳಬೇಕು.

1826ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಿಲ್ಬರಿ ಎಂಬ ಸಣ್ಣ ಊರಿನಲ್ಲಿ ಜೊಸಾಯ ಹಾಲ್‌ಬ್ರುಕ್ ಎಂಬಾತ ಮೊದಲ ಲೈಸಿಯಂ ಕಟ್ಟಿದ. ಊರಿನ ರೈತರು, ಕಸುಬುದಾರರು ಒಂದು ಕಡೆ ಸೇರಬೇಕು. ತಮಗೆ ಗೊತ್ತಿರುವುದನ್ನು ಒಬ್ಬರಿಗೊಬ್ಬರು ಹೇಳಬೇಕು, ಗೊತ್ತಿಲ್ಲದ್ದನ್ನು ಕೇಳಬೇಕು. ವರ್ಷಕ್ಕೊಂದು ಸಣ್ಣ ಚಂದಾ. ಒಂದಿಷ್ಟು ಪುಸ್ತಕ, ಕಲ್ಲು ಖನಿಜದ ಮಾದರಿ, ಒಂದು ಗ್ಲೋಬ್. (ಗ್ಲೋಬು, ಪಾಠದ ಸಾಮಾನುಗಳನ್ನು ಹಾಲ್‌ಬ್ರುಕ್ ತಾನೇ ಮಾಡಿಸಿ ಮಾರುತ್ತಿದ್ದ. ಆಸಾಮಿ ವ್ಯಾಪಾರದಲ್ಲೂ ಚುರುಕು!) ಹೊಲದ ಕೆಲಸ ಕಡಿಮೆ ಇರುವ ಚಳಿಗಾಲದ ಸಂಜೆಗಳೇ ಇದಕ್ಕೆ ಹೊತ್ತು. ಹತ್ತು ವರ್ಷದೊಳಗೆ ಇದು ಆ ಸೀಮೆಯ ಊರೂರಿಗೂ ಹಬ್ಬಿತು. ಕಾನ್ಕರ್ಡ್ ಊರಿನ ಲೈಸಿಯಂ ಶುರುವಾದದ್ದು 1829ರಲ್ಲಿ. ಹೆಸರಾಂತ ಚಿಂತಕ ಎಮರ್ಸನ್ ಅಲ್ಲಿ ಸುಮಾರು 100 ಉಪನ್ಯಾಸ ಕೊಟ್ಟರು. ಅದೇ ಊರಿನ ಲೇಖಕ ಥೋರೊ ಅದರ ಕಾರ್ಯದರ್ಶಿ ಕೆಲಸವನ್ನೂ ಮಾಡಿದರು. ತೆರಿಗೆ ಕಟ್ಟದೆ ಯಾಕೆ ಜೈಲಿಗೆ ಹೋದೆ ಅಂತ 1848ರಲ್ಲಿ ತಮ್ಮ ಊರಿನವರಿಗೆ ಅವರು ವಿವರಿಸಿದ್ದು ಇದೇ ವೇದಿಕೆಯಲ್ಲಿ. ಅದೇ ಮಾತು ಮುಂದೆ ಅಚ್ಚಾಗಿ ಗಾಂಧೀಜಿಯ ಕೈಗೂ ಬಂತು.

ನಮ್ಮಲ್ಲೂ ಇಂಥದ್ದು ನಡೆದಿದೆ, ಅಲ್ವಾ? ಮೈಸೂರು ವಿಶ್ವವಿದ್ಯಾನಿಲಯದ ಮೇಷ್ಟ್ರುಗಳು ಹೊರಗಿನ ಊರುಗಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಆ ಮಾತುಗಳೇ ಸಣ್ಣ ಸಣ್ಣ ಪುಸ್ತಕಗಳಾಗಿ ಬಂದವು.

ಈಗ ನನ್ನ ಕೋರಿಕೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ನಿಮ್ಮ ಇಲಾಖೆ ‘ಅರಿವು ಕೇಂದ್ರ’ ಮಾಡಿದೆ. ಮಕ್ಕಳಿಗೆ, ಪರೀಕ್ಷೆಗೆ ಓದುವ ಹುಡುಗರಿಗೆ ಅನುಕೂಲವಾಗಿದೆ, ಸಂತೋಷ. ಆದರೆ ಕೂಲಿ ಮುಗಿಸಿ, ಹಾಲು ಕರೆದು ಡೇರಿಗೆ ಹಾಕಿ ಬರುವ ಹೊತ್ತಿಗೆ ನಮ್ಮ ಕಡೆ ಆ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ವಾರಕ್ಕೊಂದು ಸಂಜೆ ಅದನ್ನು ದೊಡ್ಡವರಿಗಾಗಿ ತೆರೆಯಿರಿ. ಪಶುವೈದ್ಯರು ಕಾಲುಬಾಯಿ ರೋಗದ ಬಗ್ಗೆ ಹೇಳಲಿ. ಲೈನ್‌ಮನ್ ಟ್ರಾನ್ಸ್‌ಫಾರ್ಮರ್ ಯಾಕೆ ಸುಡುತ್ತದೆ ಅಂತ ಬಿಡಿಸಿ ಹೇಳಲಿ. ಪಹಣಿ ಓದುವುದು ಹೇಗೆ, ಬೋರ್‌ವೆಲ್ ಯಾಕೆ ಬತ್ತುತ್ತದೆ, ಗ್ರಹಣ ಯಾಕೆ ಆಗುತ್ತದೆ, ಎಲ್ಲಾ ಬರಲಿ. ಕೊನೆಗೆ ಪ್ರಶ್ನೆ ಕೇಳಲು ಜಾಸ್ತಿ ಹೊತ್ತು ಇರಲಿ.

ಯಾರು ಒಳಗೆ ಬಂದು ಕೂರುತ್ತಾರೆ ಅನ್ನುವುದನ್ನು ಮಾತ್ರ ಮೊದಲೇ ನೋಡಬೇಕು. 1845ರಲ್ಲಿ ನ್ಯೂ ಬೆಡ್‌ಫರ್ಡ್ ಊರಿನ ಲೈಸಿಯಂ ಕಪ್ಪು ಜನರಿಗೆ ಸದಸ್ಯತ್ವ ಕೊಡುವುದಿಲ್ಲ ಅಂದಿತು. ಎಮರ್ಸನ್ ಮತ್ತು ಗುಲಾಮಗಿರಿಯ ವಿರೋಧಿ ಚಾರ್ಲ್ಸ್ ಸಮ್ನರ್, ಹಾಗಾದರೆ ನಾವು ಬಂದು ಮಾತಾಡುವುದಿಲ್ಲ ಅಂದರು. ನಮ್ಮ ಹಳ್ಳಿಗಳಲ್ಲಿ ಯಾರೂ ಹಾಗೆ ಬಾಯಿಬಿಟ್ಟು ಹೇಳುವುದಿಲ್ಲ. ಸಭೆಯನ್ನು ದೇವಸ್ಥಾನದ ಜಗಲಿಗೋ ದೊಡ್ಡ ಗೌಡರ ಪಡಸಾಲೆಗೋ ಹಾಕಿದರೆ ಸಾಕು, ಕೇರಿಯವರು ತಾವೇ ಹಿಂದೆ ಸರಿಯುತ್ತಾರೆ. ಆದ್ದರಿಂದ ಸಭೆ ಪಂಚಾಯಿತಿ ಕಟ್ಟಡದಲ್ಲೇ ಆಗಲಿ, ಮಾತಾಡುವ ಸರದಿಯೂ ಎಲ್ಲಾ ಕೇರಿಗೂ ಬರಲಿ. ಹೆಂಗಸರಿಗೆ ಸಂಜೆ ಅಂದರೆ ಅಡುಗೆ ಹೊತ್ತು. ಸ್ವಸಹಾಯ ಸಂಘದವರನ್ನು ಕೇಳಿ ಅವರ ಹೊತ್ತು ಗೊತ್ತು ಮಾಡಿ.

ಇನ್ನೊಂದು ಭಯ ಇದೆ. 1868ರಲ್ಲಿ ಜೇಮ್ಸ್ ರೆಡ್‌ಪಾತ್ ಬಾಸ್ಟನ್‌ನಲ್ಲಿ ಭಾಷಣ ಏರ್ಪಡಿಸುವ ಬ್ಯೂರೋ ತೆರೆದ ಮೇಲೆ ಭಾಷಣ ದೊಡ್ಡ ವ್ಯಾಪಾರವಾಯಿತು. ಹೆಸರಾಂತ ಭಾಷಣಕಾರರು ಬಂದರು, ಊರಿನವರು ಬರೀ ಕೇಳುಗರಾದರು. ವಿವೇಕಾನಂದರು ಸಿಕ್ಕಿಕೊಂಡದ್ದು ಈ ಎರಡನೇ ಬಗೆಯ ಲೈಸಿಯಂನಲ್ಲಿ. ಬೆಂಗಳೂರಿನಿಂದ ಒಂದೇ ವಿಡಿಯೋ ಎಲ್ಲಾ ಪಂಚಾಯಿತಿಗೂ ಕಳಿಸುವ ಯೋಚನೆ ಯಾರಾದರೂ ನಿಮ್ಮ ಮುಂದಿಟ್ಟರೆ ದಯವಿಟ್ಟು ಒಪ್ಪಬೇಡಿ. ಬ್ಯಾನರ್, ಫೋಟೋ ಅಪ್‌ಲೋಡ್, ತಿಂಗಳ ಗುರಿ ಇವೂ ಬೇಡ. ಗುರಿ ಇಟ್ಟರೆ ಹಾಜರಾತಿ ಪುಸ್ತಕ ತುಂಬುತ್ತದೆ, ಕೋಣೆ ತುಂಬುವುದಿಲ್ಲ.

ಖರ್ಚು ದೊಡ್ಡದಲ್ಲ. ಕುರ್ಚಿ, ದೀಪ, ಒಂದು ಗ್ಲೋಬ್. ಮೇಲ್ವಿಚಾರಕರಿಗೆ ಆ ಸಂಜೆಗೆ ಬೇರೆ ಗೌರವಧನ ಕೊಡಿ; ಈಗಿನ ಸಂಬಳದಲ್ಲೇ ಇನ್ನೆರಡು ಗಂಟೆ ಕೂರಿ ಅನ್ನುವುದು ಸರಿಯಲ್ಲ. ಮೊದಲಿಗೆ ತಾಲ್ಲೂಕಿಗೊಂದು ಪಂಚಾಯಿತಿ ಸಾಕು. ಸುಗ್ಗಿ ಮುಗಿದ ಮೇಲೆ, ಸಂಕ್ರಾಂತಿಯಿಂದ ಯುಗಾದಿವರೆಗೆ ನಡೆಸಿ ನೋಡಬಹುದು. ಅದಕ್ಕೆ ಆದೇಶ ಈ ಮಳೆಗಾಲದಲ್ಲೇ ಹೊರಡಬೇಕು.

ಇಂತಿ,
ಗ್ರಾಮ ಪಂಚಾಯಿತಿ ಗ್ರಂಥಾಲಯದ ಒಬ್ಬ ಓದುಗ