ಅಕ್ಕ ಕೇಳಿದ ಆ ಒಂದು ಪ್ರಶ್ನೆಗೆ

ಹದಿನೇಳನೆಯ ಶತಮಾನದ ರೇಖಾಗಣಿತಜ್ಞರು ‘ಇದು ಸಾಧ್ಯವಿಲ್ಲ’ ಎಂಬುದನ್ನೇ ಸಾಧಿಸಿ ತೋರಿಸಲು ನಡೆಸಿದ ಪ್ರಯತ್ನಗಳನ್ನು ಕುರಿತ ನನ್ನ ಪಿಎಚ್.ಡಿ. ಮಹಾಪ್ರಬಂಧ ಕಳೆದ ವಾರ ಅಂಗೀಕಾರವಾಯಿತು. ಡೆಕಾರ್ಟ್‌ನ 1637ರ ರೇಖಾಗಣಿತ ಗ್ರಂಥದಿಂದ ನ್ಯೂಟನ್ 1687ರಲ್ಲಿ ಅಂಡಾಕೃತಿಗಳ ಬಗ್ಗೆ ಬರೆದ ಪ್ರಮೇಯದವರೆಗೆ ದಾರಿ ತೋರಿದ ಮಾರ್ಗದರ್ಶಕರಿಗೆ, ಲ್ಯಾಟಿನ್ ವಾಕ್ಯಗಳನ್ನು ಬಿಡಿಸಿ ಹೇಳಿದ ಗುರುಗಳಿಗೆ, ಹಳೆಯ ಪುಟಗಳ ಸ್ಕ್ಯಾನ್ ತರಿಸಿಕೊಟ್ಟ ಗ್ರಂಥಾಲಯದ ಸಿಬ್ಬಂದಿಗೆ ನಾನು ಋಣಿ. ಆದರೆ ಈ ಬರಹ ಮುಖ್ಯವಾಗಿ ನನ್ನ ಅಕ್ಕನಿಗೆ.

ಅದು ಅಪ್ಪ ತೀರಿಕೊಂಡ ವರ್ಷ. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ರಾತ್ರಿ ಮಹಾಪ್ರಬಂಧದ ನಾಲ್ಕನೆಯ ಅಧ್ಯಾಯವನ್ನು ತೆರೆದು ಕುಳಿತಾಗ, ಅದರ ವಾದ ನಿಲ್ಲುವುದಿಲ್ಲವೆಂದು ನನಗೆ ಸ್ಪಷ್ಟವಾಯಿತು. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ಮೂಲ ತೆಗೆಯುವುದು ಎಂಬ ಐದು ಕ್ರಿಯೆಗಳಿಂದ ವೃತ್ತದ ಕ್ಷೇತ್ರಫಲವನ್ನು ಪಡೆಯಲಾಗದೆಂದು ಸ್ಕಾಟ್ಲೆಂಡಿನ ಗಣಿತಜ್ಞ ಜೇಮ್ಸ್ ಗ್ರೆಗೊರಿ 1667ರಲ್ಲಿ ಇಟಲಿಯ ಪಡುವಾದಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ವಾದಿಸಿದ್ದ. ಮರುವರ್ಷ ಡಚ್ ಗಣಿತಜ್ಞ ಹೈಗೆನ್ಸ್ ಎತ್ತಿದ ಆಕ್ಷೇಪಗಳನ್ನು ನಾನು ಇಬ್ಬರ ಜಗಳವೆಂದು ಬದಿಗಿಟ್ಟು ಬರೆದುಬಿಟ್ಟಿದ್ದೆ.

ಪಿಯುಸಿಗೇ ಓದು ನಿಲ್ಲಿಸಿದ, ಎಷ್ಟೋ ರಾತ್ರಿ ಆಸ್ಪತ್ರೆಯಲ್ಲಿ ಅಪ್ಪನ ಪಕ್ಕ ನಿದ್ದೆಗೆಟ್ಟಿದ್ದ ಅಕ್ಕ, ಎರಡು ಲೋಟ ಕಾಫಿ ತಂದಿಟ್ಟು, ಮಗನ ಕಂಪಾಸ್ ಪೆಟ್ಟಿಗೆಯಿಂದ ಕೈವಾರ ತೆಗೆದು, “ನನಗೆ ತಿಳಿಯೋ ಹಾಗೆ ಹೇಳು” ಎಂದಳು. ತ್ರಿಜ್ಯ 1 ಇರುವ ವೃತ್ತದ ಒಳಚೌಕದ ಕ್ಷೇತ್ರಫಲ 2, ಹೊರಚೌಕದ್ದು 4. ಅವೆರಡರ ಗುಣಲಬ್ಧದ ವರ್ಗಮೂಲ ತೆಗೆದರೆ ಒಳಗಿನ ಅಷ್ಟಭುಜದ ಕ್ಷೇತ್ರಫಲ, 2.828. ಹೊರಗಿನದು 3.314. ಹದಿನಾರು ಭುಜಗಳಿಗೆ 3.061 ಮತ್ತು 3.183. ಭುಜಗಳು ಹೆಚ್ಚಿದಷ್ಟೂ ಎರಡೂ ವೃತ್ತದ ಕ್ಷೇತ್ರಫಲಕ್ಕೆ ಹತ್ತಿರವಾಗುತ್ತವೆ. ಮೊಬೈಲಿನಲ್ಲಿ ಲೆಕ್ಕ ಮಾಡುತ್ತ ಹೋದ ಅಕ್ಕ, ವೃತ್ತದ ಯಾವ ತುಂಡು ಕೊಟ್ಟರೂ ನಡೆಯುವಂಥ ಒಂದು ಸೂತ್ರ ಸಿಗದೆಂಬುದೇ ಗ್ರೆಗೊರಿಯ ವಾದದ ತಿರುಳು ಎಂದು ನಾನು ಹೇಳಿದ ಕೂಡಲೇ ತಲೆಯೆತ್ತಿ ಕೇಳಿದಳು: “ಎಲ್ಲಾ ತುಂಡಿಗೂ ಒಂದೇ ಸೂತ್ರ ಸಿಗಲ್ಲ, ಸರಿ. ಪೂರ್ತಿ ವೃತ್ತಕ್ಕೆ ಮಾತ್ರ ಬೇರೆ ದಾರಿ ಇದ್ರೆ?”

ಹೈಗೆನ್ಸ್ ಹಿಡಿದ ಎಳೆಯೂ ಅದೇ. ಅಂಥ ದಾರಿಯೂ ಇಲ್ಲವೆಂಬ ಉತ್ತರ ದೊರೆತದ್ದು 1882ರಲ್ಲಿ, ಜರ್ಮನ್ ಗಣಿತಜ್ಞ ಲಿಂಡೆಮನ್‌ನಿಂದ. ನನಗೆ ಅಳು ಬಂತು. ಅದು ಅಧ್ಯಾಯಕ್ಕಾಗಿ ಬಂದ ಅಳುವಾಗಿರಲಿಲ್ಲ. ಅಕ್ಕ ಏನೂ ಹೇಳದೆ ನನ್ನ ಬೆನ್ನ ಮೇಲೆ ಕೈಯಿಟ್ಟು ಬೆಳಗಿನ ಜಾವದವರೆಗೂ ಕುಳಿತಿದ್ದಳು.

ಆಮೇಲೆ ಇಡೀ ಅಧ್ಯಾಯವನ್ನು ಆ ಪ್ರಶ್ನೆಯ ಸುತ್ತಲೇ ಮತ್ತೆ ಕಟ್ಟಿದೆ. ಗ್ರೆಗೊರಿಯ ರುಜುವಾತಿನಲ್ಲಿ ಕೊರತೆಯಿತ್ತು, ನಿಜ. ಆದರೂ ಐದು ಕ್ರಿಯೆಗಳು ಸಾಲದಿದ್ದರೆ ಆರನೆಯದೊಂದನ್ನು ಗಣಿತಕ್ಕೆ ಸೇರಿಸಬೇಕು ಎಂದ ಅವನ ಧೈರ್ಯ ನನಗೆ ಇಂದಿಗೂ ದೊಡ್ಡದಾಗಿಯೇ ಕಾಣುತ್ತದೆ. 1675ರಲ್ಲಿ, 36ನೆಯ ವಯಸ್ಸಿಗೇ, ಅವನು ತೀರಿಕೊಂಡ.

ಅಕ್ಕ, ಕಾಫಿಯ ಕಲೆಯಿರುವ ಆ ಹಾಳೆ ನನ್ನ ಪ್ರತಿಯೊಳಗೇ ಇದೆ. ನಾವು ಹದಿನಾರು ಭುಜಗಳಿಗೆ ನಿಲ್ಲಿಸಿದ್ದೆವು. ಯುಗಾದಿಗೆ ಊರಿಗೆ ಬಂದಾಗ ಮೂವತ್ತೆರಡನ್ನು ನೀನೇ ಮಾಡು.