ಎತ್ತರಕ್ಕಲ್ಲ, ಹಗ್ಗಕ್ಕೆ ದುಡ್ಡು ಹಾಕು: ಗೆಳೆಯನಿಗೊಂದು ಪತ್ರ

ಮ್ಯಾಡಿಸನ್, ವಿಸ್ಕಾನ್ಸಿನ್
ಆಗಸ್ಟ್ ಕೊನೆಯ ವಾರ

ಪ್ರೀತಿಯ ಸತೀಶ,

ಇದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇಲ್ಲಿನ ನಮ್ಮ ಕನ್ನಡದವರು ಇನ್ನೂ ಕೆಲವರು ಇದನ್ನೇ ಕೇಳುತ್ತಿರುವುದರಿಂದ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಮಗಳು ಜಿಂಕೆ ಬೇಟೆಗೆ ಹೋಗಲೇಬೇಕೆಂದು ಹಟ ಹಿಡಿದಿದ್ದಾಳೆ, ಅವಳ ಹಿಂದೆ ತಮ್ಮನೂ ಹೊರಟಿದ್ದಾನೆ, ಅಂಗಡಿಯಲ್ಲಿ ಟ್ರೀ ಸ್ಟ್ಯಾಂಡಿನ, ಅಂದರೆ ಬೇಟೆಗೆ ಕಾದು ಕೂರಲು ಮರಕ್ಕೆ ಕಟ್ಟುವ ಸೀಟಿನ, ಬೆಲೆ ನೋಡಿ ನಿನಗೆ ತಲೆ ತಿರುಗಿದೆ. ಕಮ್ಮಿ ಖರ್ಚಿನಲ್ಲಿ ಹೇಗೆ ಅಂತ ತಾನೇ ನಿನ್ನ ಪ್ರಶ್ನೆ? ಉತ್ತರ ಮೊದಲೇ ಹೇಳಿಬಿಡುತ್ತೇನೆ. ಎತ್ತರಕ್ಕೆ ದುಡ್ಡು ಹಾಕಬೇಡ, ಬಿದ್ದರೆ ಹಿಡಿದುಕೊಳ್ಳುವ ಹಗ್ಗಕ್ಕೆ ಹಾಕು.

ಅಂಗಡಿಯವನು ಇಪ್ಪತ್ತಡಿ, ಇಪ್ಪತ್ತೆರಡಡಿ ಅಂತ ಆಸೆ ಹುಟ್ಟಿಸುತ್ತಾನೆ. ಮೇಲೆ ಹೋದಷ್ಟೂ ಜಿಂಕೆಗೆ ವಾಸನೆ ಸಿಗುವುದು ಕಮ್ಮಿ, ನಮ್ಮ ಅಲುಗಾಟ ಕಾಣುವುದೂ ಕಮ್ಮಿ ಅನ್ನುವುದು ಸುಳ್ಳಲ್ಲ. ಆದರೆ ಹತ್ತಿರ ಬಂದ ಜಿಂಕೆಗೆ ಅಷ್ಟು ಮೇಲಿನಿಂದ ಗುರಿ ಇಟ್ಟರೆ ಗುಂಡು ಕಡಿದಾಗಿ ಇಳಿಯುತ್ತದೆ, ಎದೆಗೂಡಿನಲ್ಲಿ ಸಿಗುವ ಜಾಗ ಕಿರಿದಾಗುತ್ತದೆ. ಮೊದಲ ಸಲ ಕೋವಿ ಹಿಡಿದ ಮಗುವಿಗೆ ಅದು ಅನ್ಯಾಯದ ಪರೀಕ್ಷೆ. ಎತ್ತರದಲ್ಲಿ ಹೆದರಿ ಕೂತ ಮಗು ಕಾಡನ್ನೂ ನೋಡುವುದಿಲ್ಲ, ಸ್ಟ್ಯಾಂಡಿನ ಕಂಬಿ ಹಿಡಿದುಕೊಂಡು ಅಪ್ಪನ ಮುಖವನ್ನೇ ನೋಡುತ್ತಿರುತ್ತದೆ. ಹತ್ತು-ಹನ್ನೆರಡು ಅಡಿ ಧಾರಾಳ ಸಾಕು. ಹಿಂದೆ ಪೊದೆಯೋ ಒತ್ತಾದ ಕೊಂಬೆಯೋ ಇದ್ದು ನಿಮ್ಮ ಆಕಾರ ಆಕಾಶಕ್ಕೆ ಎದ್ದು ಕಾಣದಿದ್ದರೆ ಅದಕ್ಕಿಂತ ತಗ್ಗಿನಲ್ಲಿಯೂ ಜಿಂಕೆ ಬರುತ್ತದೆ.

ಮಗಳಿಗೆ ಇನ್ನೂ ಹನ್ನೆರಡು ತುಂಬಿಲ್ಲವಲ್ಲ, ಹಾಗಾಗಿ ಅವಳು ಬೇಟೆಯಾಡುವುದು ಮೆಂಟರ್ಡ್ ಹಂಟಿಂಗ್, ಅಂದರೆ ದೊಡ್ಡವರೊಬ್ಬರು ಜೊತೆಗಿದ್ದು ಕಲಿಸುವ ಬೇಟೆಯ, ನಿಯಮದ ಅಡಿಯಲ್ಲಿ. ಮೊದಲು ಇದಕ್ಕೂ ಹತ್ತು ವರ್ಷ ಆಗಿರಬೇಕಿತ್ತು, 2017ರಿಂದ ಇಲ್ಲಿ ವಯಸ್ಸಿನ ಮಿತಿಯೇ ಇಲ್ಲ. ಅಷ್ಟು ಸಣ್ಣವರ ಕೈಗೆ ಕೋವಿ ಕೊಡಬೇಕೇ ಅನ್ನುವುದು ಬೇರೆ ಮಾತು, ನನ್ನನ್ನು ಕೇಳಿದರೆ ಬೇಡ. ಆದರೆ ಆ ನಿಯಮದಲ್ಲಿ ನನಗೆ ತುಂಬ ಹಿಡಿಸಿದ್ದು ಒಂದಿದೆ: ದೊಡ್ಡವರು ಮಗುವಿನಿಂದ ಕೈಯಳತೆಯ ದೂರದಲ್ಲೇ ಇರಬೇಕು. ಅಂದರೆ ಪಕ್ಕದ ಮರದಲ್ಲಿ ನೀನು, ಈ ಮರದಲ್ಲಿ ಅವಳು ಅನ್ನುವ ಹಾಗಿಲ್ಲ. ಅಗ್ಗಕ್ಕೆ ಸಿಗುತ್ತದೆ ಎಂದು ಒಬ್ಬರು ಕೂರುವ ಸ್ಟ್ಯಾಂಡು ಎರಡು ತಂದರೆ ಎರಡೂ ದಂಡ. ಏಣಿ ಸಮೇತ ಬರುವ, ಇಬ್ಬರು ಕೂರುವ ಲ್ಯಾಡರ್ ಸ್ಟ್ಯಾಂಡ್ ಒಂದೇ ತಗೋ, ಹೊಸದಾದರೆ ಸುಮಾರು 200ರಿಂದ 300 ಡಾಲರ್. ಮುಂದೆ ಕೋವಿ ಒರಗಿಸುವ ಅಡ್ಡಕಂಬಿ ಇರುವಂಥದ್ದೇ ನೋಡು. ಮಕ್ಕಳ ತೋಳಿಗೆ ರೈಫಲ್ಲಿನ ಭಾರ ತಡೆಯುವುದಿಲ್ಲ.

ಹಳೇದು ಕೊಳ್ಳಬಹುದಾ ಅಂತ ಕೇಳಿದ್ದೀಯ. ಕಬ್ಬಿಣದ ಸ್ಟ್ಯಾಂಡು ಹಳೇದು ತಗೋ, ತೊಂದರೆಯಿಲ್ಲ. ಜನವರಿಯಲ್ಲಿ ಸೀಸನ್ ಮುಗಿಯುತ್ತಿದ್ದ ಹಾಗೆ ಬೇಕಾದಷ್ಟು ಮಾರಾಟಕ್ಕೆ ಬರುತ್ತವೆ, ಈಗ ಆಗಸ್ಟಿನಲ್ಲಿ ಎಲ್ಲರೂ ಹುಡುಕುವುದರಿಂದ ಸ್ವಲ್ಪ ಜಾಸ್ತಿ ಹೇಳುತ್ತಾರೆ. ಬೆಸುಗೆ ಹಾಕಿದ ಜಾಗಗಳನ್ನು ಉಗುರಿನಿಂದ ಕೆರೆದು ನೋಡು, ಬಣ್ಣದ ಕೆಳಗೆ ತುಕ್ಕು ಅಡಗಿರುತ್ತದೆ. ಪಿನ್ನು, ಬೋಲ್ಟು ಎಲ್ಲ ಇದೆಯಾ ಎಣಿಸು. ಮಾಡೆಲ್ ಹೆಸರು ಕೇಳಿಕೊಂಡು ಅದನ್ನು ಕಂಪನಿ ವಾಪಸ್ ಕರೆಸಿಕೊಂಡಿತ್ತಾ ಅಂತ ಗ್ರಾಹಕ ಸುರಕ್ಷತಾ ಆಯೋಗದ ಪಟ್ಟಿಯಲ್ಲಿ ನೋಡು. ಆದರೆ ಮರಕ್ಕೆ ಬಿಗಿಯುವ ಪಟ್ಟಿ, ಹಗ್ಗ, ಬೀಳದಂತೆ ಮೈಗೆ ಕಟ್ಟಿಕೊಳ್ಳುವ ಹಾರ್ನೆಸ್ ಮಾತ್ರ ಯಾರು ಪುಕ್ಕಟೆ ಕೊಟ್ಟರೂ ಬೇಡ. ಬಿಸಿಲಿಗೆ ನೈಲಾನ್ ಒಳಗೊಳಗೇ ಸತ್ತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಾರ್ನೆಸ್ಸಿನ ಚೀಟಿಯಲ್ಲಿ ತಯಾರಾದ ದಿನಾಂಕ, ಎಷ್ಟು ವರ್ಷ ಬಳಸಬಹುದು ಎಂಬುದು ಹಾಕಿರುತ್ತಾರೆ, ಹೆಚ್ಚಾಗಿ ಐದು ವರ್ಷ.

ಪಕ್ಕದ ತೋಟದವರ ಕಾಡಿನಲ್ಲಿ ಯಾರೋ ಹಿಂದೆ ಮರಕ್ಕೆ ಹಲಗೆ ಹೊಡೆದು ಮಾಡಿದ ಅಟ್ಟಣೆ ಇದೆ, ಅದನ್ನೇ ರಿಪೇರಿ ಮಾಡಿದರೆ ದುಡ್ಡೇ ಬೇಡವಲ್ಲ ಅಂದೆ. ಅದರ ಸುದ್ದಿಗೇ ಹೋಗಬೇಡ ಮಾರಾಯ. ನಮ್ಮ ಅಜ್ಜಂದಿರು ಮೂಡಿಗೆರೆ ಕಡೆ ಮರಸಿಗೆ, ಅಂದರೆ ಹೊಂಚಿ ಕಾಯುವ ಬೇಟೆಗೆ, ಕೂರುವಾಗ ಮರದ ಕವಲಿಗೆ ನಾಲ್ಕು ಗಳ ಇಟ್ಟು ಬಳ್ಳಿಯಲ್ಲಿ ಬಿಗಿದು ರಾತ್ರಿ ಕಳೆಯುತ್ತಿದ್ದರು ಅನ್ನುವ ಕಥೆ ಕೇಳಿಯೇ ಬೆಳೆದವರು ನಾವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಕಥೆಯಾಗಿಯೇ ಉಳಿಯಿತು. ಅವರು ಹೊಸ ಗಳ, ಹಸಿ ಬಳ್ಳಿ ಬಳಸುತ್ತಿದ್ದರು, ಕೆಲಸ ಮುಗಿದ ಮೇಲೆ ಬಿಚ್ಚುತ್ತಿದ್ದರು. ಇಲ್ಲಿ ಹಾಗಲ್ಲ, ಒಮ್ಮೆ ಮೊಳೆ ಹೊಡೆದವರು ವರ್ಷಗಟ್ಟಲೆ ಬಿಟ್ಟುಬಿಡುತ್ತಾರೆ. ಮರ ದಪ್ಪವಾಗುತ್ತಾ ಮೊಳೆಯನ್ನು ಹಲಗೆಯಿಂದ ಕಿತ್ತು ತಾನು ನುಂಗುತ್ತದೆ, ಹಲಗೆ ಗಾಳಿಯಲ್ಲಿ ನಿಂತಿರುತ್ತದೆ. ಹಿಮ ಕರಗಿದ ನೀರು ಮೊಳೆಯ ಸಂದಿಗೆ ಇಳಿದು ಮರ ಒಳಗೆ ಕೊಳೆತು ಲಡ್ಡಾಗಿರುತ್ತದೆ. ಅದಲ್ಲದೆ ಸರ್ಕಾರಿ ಜಾಗದಲ್ಲಿ ಮರಕ್ಕೆ ಮೊಳೆ ಹೊಡೆಯುವುದೇ ನಿಷಿದ್ಧ.

ಮರ ಆರಿಸುವಾಗ ಒಂದು ಎಚ್ಚರ. ನಿಮ್ಮ ಲಾ ಕ್ರಾಸ್ ಕಡೆಯ ಗುಡ್ಡಗಳಲ್ಲಿ ನೆಟ್ಟಗೆ, ಚೆಂದಕ್ಕೆ ಬೆಳೆದ ಮರ ಕಂಡರೆ ಅದು ಆ್ಯಶ್ ಇರಬಹುದು. ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ಹುಳ 2008ರಲ್ಲಿ ಈ ರಾಜ್ಯದಲ್ಲಿ ಸಿಕ್ಕಿದ್ದು, ಆಮೇಲೆ ಲೆಕ್ಕವಿಲ್ಲದಷ್ಟು ಆ್ಯಶ್ ಮರ ನಿಂತಲ್ಲೇ ಸತ್ತಿವೆ. ಸತ್ತ ಆ್ಯಶ್ ಹಪ್ಪಳದ ಹಾಗೆ ಮುರಿಯುತ್ತದೆ. ಎಲೆ ಇರುವ ಈ ದಿನಗಳಲ್ಲೇ ಹೋಗಿ ಬದುಕಿರುವ ಮರ ಗುರುತು ಮಾಡಿಕೋ. ಓಕ್ ಸಿಕ್ಕಿದರೆ ಒಳ್ಳೆಯದು. ಬಿಳಿ ಓಕಿನ ಕಾಯಿಗೆ ಜಿಂಕೆ ಬರುತ್ತದೆ, ಅದೊಂದು ಲಾಭ. ಆದರೆ ಕಾಯಿ ಬೀಳುವ ಮರದಲ್ಲೇ ಕೂರಬೇಡ, ಅದು ಎದುರಿಗೆ ಕಾಣುವ ಇನ್ನೊಂದು ಮರದಲ್ಲಿ ಕೂರು. ಶ್ಯಾಗ್‌ಬಾರ್ಕ್ ಹಿಕರಿ ಬೇಡ, ತೊಗಟೆ ಪದರ ಪದರವಾಗಿ ಕಿತ್ತು ಬರುವುದರಿಂದ ಪಟ್ಟಿ ಗಟ್ಟಿಯಾಗಿ ಕೂರುವುದಿಲ್ಲ. ಬುಡದಲ್ಲಿ ಪಾಯಿಸನ್ ಐವಿ ಇದೆಯಾ ನೋಡು, ಮೂರೆಲೆಯ ಬಳ್ಳಿ. ಮಗ ಮೊದಲು ಹಿಡಿಯುವುದೇ ಅದನ್ನು.

ಗಾಳಿಯ ವಿಷಯ ಹೇಳದಿದ್ದರೆ ಉಳಿದದ್ದೆಲ್ಲ ವ್ಯರ್ಥ. ನಿಮ್ಮದು ಹಿಮನದಿ ಹರಿಯದೆ ಉಳಿದ ಡ್ರಿಫ್ಟ್‌ಲೆಸ್ ಸೀಮೆ, ಏರು ತಗ್ಗು ಜಾಸ್ತಿ. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಹೋಗುತ್ತದೆ, ಸಂಜೆ ತಂಪಾದ ಹಾಗೆ ಕೆಳಗೆ ಇಳಿಯುತ್ತದೆ. ಬೆಳಿಗ್ಗೆ ಕೂರುವ ಜಾಗ ಜಿಂಕೆದಾರಿಗಿಂತ ಮೇಲಿರಲಿ. ಮುಖ ಪೂರ್ವಕ್ಕೆ ಇಡಬೇಡ, ಒಳ್ಳೆಯ ಹೊತ್ತಿನಲ್ಲೇ ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ.

ಇನ್ನು ನಿಲ್ಲಿಸುವ ಕೆಲಸ. ದೊಡ್ಡವರು ಮೂವರು ಬೇಕು, ಇಬ್ಬರಲ್ಲಿ ಸುಧಾರಿಸುತ್ತೇವೆ ಅನ್ನಬೇಡ. ನೆಲದ ಮೇಲೇ ಪೂರಾ ಜೋಡಿಸಿ, ಒಬ್ಬ ಏಣಿಯ ಕಾಲು ಒತ್ತಿ ಹಿಡಿದು ಇಬ್ಬರು ಎತ್ತಬೇಕು. ಮರಕ್ಕೆ ಒರಗಿದ ಮೇಲೆ ನಡುವಿನ ಅಡ್ಡಕಂಬಿಯನ್ನು ಮರಕ್ಕೆ ಕಟ್ಟಿ, ಕೆಳಗಿನಿಂದಲೇ ಪಟ್ಟಿಗಳನ್ನು ಅಡ್ಡಡ್ಡ ಹಾಕಿ ಬಿಗಿಯಬೇಕು. ಮೇಲೆ ಹತ್ತಿ ರ‍್ಯಾಚೆಟ್ ಪಟ್ಟಿ ಬಿಗಿಯುವವನು ಹಾರ್ನೆಸ್ ಹಾಕಿ, ನಡುಪಟ್ಟಿಯ ಹಗ್ಗವನ್ನು ಮರಕ್ಕೆ ಸುತ್ತಿಕೊಂಡೇ ಹತ್ತಬೇಕು, ಕೆಳಗಿನ ಇಬ್ಬರು ಅಷ್ಟೂ ಹೊತ್ತು ಏಣಿ ಬಿಡಬಾರದು. ನೆಲ ಓರೆಯಿದ್ದರೆ ಕಲ್ಲು ಕೊಡಬೇಡ, ಜಾರುತ್ತದೆ. ಮಣ್ಣು ಕೆತ್ತಿ ಸಮ ಮಾಡು. ಏಣಿಯ ಒಂದು ತುಂಡು ಬಿಟ್ಟು ಜೋಡಿಸಿದರೆ ಎತ್ತರ ಇಳಿಯುತ್ತದಲ್ಲ ಅಂತ ಯಾರಾದರೂ ಉಪಾಯ ಹೇಳಿಯಾರು. ಕೈಪಿಡಿಯಲ್ಲಿ ಹಾಗೆ ಮಾಡಬಹುದು ಅಂತ ಇದ್ದರೆ ಮಾತ್ರ ಮಾಡು, ಇಲ್ಲದಿದ್ದರೆ ಕುಳ್ಳಗಿನದ್ದನ್ನೇ ಕೊಳ್ಳು. ಸೀಸನ್ ಮುಗಿದ ಮೇಲೆ ಪಟ್ಟಿ ಸಡಿಲಿಸುವುದನ್ನು ಮರೆಯಬೇಡ, ಬೆಳೆಯುವ ಮರ ಬಿಗಿದ ಪಟ್ಟಿಯನ್ನು ಹರಿದುಹಾಕುತ್ತದೆ.

ಈಗ ಹಗ್ಗಕ್ಕೆ ಬರುತ್ತೇನೆ. ಬೀಳುವವರು ಹೆಚ್ಚಾಗಿ ಬೀಳುವುದು ಮೇಲೆ ಕೂತಾಗ ಅಲ್ಲ. ಹತ್ತುವಾಗ, ಇಳಿಯುವಾಗ, ಏಣಿಯಿಂದ ಸೀಟಿಗೆ ಕಾಲು ದಾಟಿಸುವಾಗ. ಮೇಲೆ ಹೋದ ಮೇಲೆ ಕೊಕ್ಕೆ ಹಾಕಿಕೊಳ್ಳುತ್ತೇನೆ ಅನ್ನುವವನಿಗೆ ಆ ಹೊತ್ತಿನಲ್ಲಿ ಏನೂ ರಕ್ಷಣೆ ಇರುವುದಿಲ್ಲ. ಅದಕ್ಕೆ ಲೈಫ್‌ಲೈನ್ ಬೇಕು. ಸೀಟಿನಲ್ಲಿ ಕೂತವನ ತಲೆಗಿಂತ ಮೇಲೆ ಮರಕ್ಕೆ ಕಟ್ಟಿ ನೆಲದವರೆಗೆ ಇಳಿಬಿಟ್ಟ ಹಗ್ಗ ಅದು. ಅದರ ಮೇಲೆ ಪ್ರುಸಿಕ್ ಅನ್ನುವ ಗಂಟು ಇರುತ್ತದೆ. ಕೈಯಲ್ಲಿ ಮೇಲೆ ತಳ್ಳಿದರೆ ಜಾರುತ್ತದೆ, ಭಾರ ಬಿದ್ದರೆ ಕಚ್ಚಿಕೊಳ್ಳುತ್ತದೆ. ನೆಲದಲ್ಲಿ ನಿಂತಾಗಲೇ ಕೊಕ್ಕೆ ಹಾಕಿಕೊಂಡರೆ ಮತ್ತೆ ನೆಲ ಮುಟ್ಟುವವರೆಗೆ ಬಿಚ್ಚುವ ಮಾತಿಲ್ಲ. ಒಂದಕ್ಕೆ 30-40 ಡಾಲರ್. ಎರಡು ತಗೋ, ನಿನಗೊಂದು ಅವಳಿಗೊಂದು. ಒಂದೇ ಹಗ್ಗಕ್ಕೆ ಇಬ್ಬರು ಕೂಡದು.

ಸ್ಟ್ಯಾಂಡಿನ ಡಬ್ಬದಲ್ಲಿ ಬರುವ ಹಾರ್ನೆಸ್ ದೊಡ್ಡವರ ಅಳತೆಯದು, ಅವಳಿಗೆ ಮಕ್ಕಳದ್ದನ್ನು ಬೇರೆ ಕೊಳ್ಳಬೇಕು. ಅದನ್ನು ಚಳಿಯ ಜಾಕೆಟ್ಟಿನ ಸಮೇತ ಹಾಕಿಸಿ ನೋಡು. ತೊಡೆಯ ಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟು ಬಿಗಿ ಇರಬೇಕು. ಕೊಕ್ಕೆಯ ಪಟ್ಟಿ ಬೆನ್ನಿನ ಮೇಲ್ಭಾಗದಿಂದ ನೇರ ಮೇಲೆ ಹೋಗಬೇಕು, ಕೂತಾಗ ಅದರಲ್ಲಿ ಸಡಿಲ ಉಳಿಯಬಾರದು. ಆಮೇಲೆ ಹಿತ್ತಲಿನ ಮರದಲ್ಲಿ, ಕಾಲು ನೆಲದಿಂದ ಗೇಣುದ್ದ ಮೇಲಿರುವಂತೆ ನೀನೇ ಹಿಡಿದುಕೊಂಡು ಅವಳನ್ನು ತೂಗುಬಿಡು. ಹಾಗೇ ತುಂಬ ಹೊತ್ತು ನೇತಾಡಿದರೆ ತೊಡೆಯ ಪಟ್ಟಿ ರಕ್ತ ಓಡದಂತೆ ಮಾಡಿ ಪ್ರಾಣಕ್ಕೇ ಬರುತ್ತದೆ. ಹಾರ್ನೆಸ್ಸಿನ ಜೊತೆ ಒಂದು ಕುಣಿಕೆಪಟ್ಟಿ ಇರುತ್ತದಲ್ಲ, ಅದರಲ್ಲಿ ಪಾದ ಇಟ್ಟು ಎದ್ದು ನಿಂತು ಕಾಲು ಆಡಿಸುವುದನ್ನು ಕಲಿಸು. ನನ್ನ ಮಗಳು ಇದನ್ನು ಆಟ ಅಂದುಕೊಂಡು ಇಳಿಯಲೇ ಒಪ್ಪಲಿಲ್ಲ, ಪಕ್ಕದ ಮನೆಯ ಅಜ್ಜಿ ಕಿಟಕಿಯಿಂದ ನೋಡಿ ಗಾಬರಿಯಾಗಿದ್ದರು.

ಏಣಿಯಲ್ಲಿ ಒಂದು ಸಲಕ್ಕೆ ಒಬ್ಬರೇ. ನೀನು ಮೊದಲು ಹೋಗಿ ಕೂರು, ಆಮೇಲೆ ಅವಳು ಬರಲಿ. ಇಳಿಯುವಾಗ ಅವಳು ಮೊದಲು. ಕೋವಿ ಯಾರ ಹೆಗಲಲ್ಲೂ ಇರಬಾರದು. ಗುಂಡು ತೆಗೆದು, ನಳಿಗೆ ಕೆಳಮುಖವಾಗಿ ಬೇರೆ ಹಗ್ಗಕ್ಕೆ ಕಟ್ಟಿಟ್ಟು, ಇಬ್ಬರೂ ಕೂತ ಮೇಲೆ ಎಳೆದುಕೋ. ನಿನ್ನ ವೀಸಾ ಇನ್ನೂ ಎಚ್-1ಬಿ ತಾನೇ? ಹಾಗಿದ್ದರೆ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿಲ್ಲದೆ ಕೋವಿಯನ್ನಾಗಲಿ ತೋಟಾವನ್ನಾಗಲಿ ಮುಟ್ಟಲೇಬೇಡ, ಅದು ಫೆಡರಲ್ ಕಾನೂನು. ನಮ್ಮವರು ಅನೇಕರಿಗೆ ಇದು ಗೊತ್ತೇ ಇಲ್ಲ.

ಮಗನ ವಿಷಯ. ಆರು ವರ್ಷದವನು ಐವತ್ತು ಪೌಂಡ್ ತೂಗುವುದಿಲ್ಲ ಅಂದುಕೊಳ್ಳುತ್ತೇನೆ. ಮಕ್ಕಳ ಹಾರ್ನೆಸ್ಸುಗಳು ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುವುದು. ಹಾಗಾಗಿ ಅವನು ಮರ ಹತ್ತುವ ಪ್ರಶ್ನೆಯೇ ಇಲ್ಲ. ಅವನು ಬರುವ ದಿನ ನೆಲದ ಮೇಲೆ ಡೇರೆಯಂಥ ಬ್ಲೈಂಡ್ ಹಾಕು, ನೂರು ಡಾಲರಿನ ಆಸುಪಾಸು. ಒಳಗೆ ಅವನು ಹೊರಳಾಡಲಿ, ನಿದ್ದೆ ಮಾಡಲಿ, ಯಾವ ಜಿಂಕೆಗೂ ಕಾಣುವುದಿಲ್ಲ. ಸರ್ಕಾರಿ ಜಾಗದಲ್ಲಾದರೆ ಗನ್ ಸೀಸನ್ನಿನಲ್ಲಿ ಬ್ಲೈಂಡಿನ ಮೇಲೆ ಎಲ್ಲ ದಿಕ್ಕಿನಿಂದಲೂ ಕಾಣುವಂತೆ 144 ಚದರ ಇಂಚು ಕಣ್ಣು ಕುಕ್ಕುವ ಫ್ಲೋರೆಸೆಂಟ್ ಕೇಸರಿ ಅಥವಾ ಗುಲಾಬಿ ಬಟ್ಟೆ ಇರಬೇಕು. ಮೈಮೇಲೂ ಅಷ್ಟೇ, ಸೊಂಟದ ಮೇಲಿನ ಹೊರಬಟ್ಟೆಯ ಅರ್ಧಭಾಗ ಆ ಬಣ್ಣದ್ದಾಗಿರಬೇಕು. ಮಗಳು ಗುಲಾಬಿಯನ್ನೇ ಕೇಳುತ್ತಾಳೆ, ಕೊಡಿಸು. 2016ರಿಂದ ಅದಕ್ಕೂ ಒಪ್ಪಿಗೆ ಇದೆ.

ಮುಂದಿನ ವರ್ಷ ಆ ಜಾಗದ ರೈತನ ಒಪ್ಪಿಗೆ ಸಿಕ್ಕಿದರೆ ನನ್ನ ಮನಸ್ಸಿನಲ್ಲಿರುವುದು ಮರದ್ದೇ ಒಂದು ಪುಟ್ಟ ಮನೆ. ನಾಲ್ಕು ಕಂಬ, ನೆಲದಿಂದ ನಾಲ್ಕೈದು ಅಡಿ ಎತ್ತರ, ಸುತ್ತ ಗೋಡೆ, ಏಣಿಯ ಬದಲು ಮೆಟ್ಟಿಲು. ನಿಮ್ಮ ವರ್ನನ್ ಕೌಂಟಿಯ ಕಡೆ ಆಮಿಶ್ ಜನರ ಗರಗಸದ ಮಿಲ್ಲುಗಳಿವೆ, ಒರಟು ಕೊಯ್ದ ಓಕ್ ಹಲಗೆ ದೊಡ್ಡ ಅಂಗಡಿಗಿಂತ ಅಗ್ಗಕ್ಕೆ ಸಿಗುತ್ತದೆ. ಮಣ್ಣು ಮುಟ್ಟುವ ಕಂಬ ಮಾತ್ರ ಔಷಧಿ ಹಾಕಿದ ಮರದ್ದೇ ಆಗಬೇಕು. ಮೊಳೆ ಬೇಡ, ಬೋಲ್ಟು ಹಾಕೋಣ. ನೆಲಕ್ಕೆ ಹಳೇ ಕಾರ್ಪೆಟ್ ಹಾಸಿ, ಎಲ್ಲಾದರೂ ಸಿಗುವ ಹಳೇ ಆಫೀಸ್ ಕುರ್ಚಿ ಎರಡು ತಂದು ಹಾಕಿದರೆ ಸದ್ದಿಲ್ಲದೆ ತಿರುಗಬಹುದು.

ನವೆಂಬರಿನ ಒಂಬತ್ತು ದಿನದ ಸೀಸನ್ ಚಳಿಗೆ ಮಕ್ಕಳು ನಡುಗಿಹೋಗುತ್ತಾರೆ. ಅಕ್ಟೋಬರಿನಲ್ಲಿ 15 ವರ್ಷದವರೆಗಿನ ಮಕ್ಕಳಿಗಾಗಿಯೇ ಒಂದು ವಾರಾಂತ್ಯ ಇದೆ, ಮೊದಲು ಅದಕ್ಕೆ ಹೋಗಿ. ತಿಂಡಿಗೆ ಚಕ್ಕುಲಿ, ಕೋಡುಬಳೆ ಕಟ್ಟಬೇಡ, ಕಟುಂ ಅಂದರೆ ಕಣಿವೆಗೆಲ್ಲ ಕೇಳುತ್ತದೆ. ರವೆ ಉಂಡೆ ಉತ್ತಮ, ಪ್ಲಾಸ್ಟಿಕ್ ಕವರ್ ಮನೆಯಲ್ಲೇ ಬಿಚ್ಚಿಟ್ಟುಕೊಂಡು ಹೋಗು. ಅವಳು ಸಾಕು ಅಂದ ತಕ್ಷಣ ಇಳಿದುಬಿಡಿ, ಇನ್ನೈದು ನಿಮಿಷ ಅಂತ ಒತ್ತಾಯ ಬೇಡ. ಜಿಂಕೆ ಸಿಕ್ಕಿದರೆ ತಿನ್ನುವ ಮುಂಚೆ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ ಜಿಂಕೆಗಳ ಮಿದುಳಿನ ಕಾಯಿಲೆಯ ಪರೀಕ್ಷೆಗೆ ಕೊಡು. ಆ ಕಾಯಿಲೆ ಈ ರಾಜ್ಯದಲ್ಲಿ 2002ರಲ್ಲಿ ಮೊದಲು ಸಿಕ್ಕಿದ್ದು ನಮ್ಮ ಮ್ಯಾಡಿಸನ್ನಿನ ಪಕ್ಕದಲ್ಲೇ. ಮನುಷ್ಯರಿಗೆ ಬಂದ ದಾಖಲೆ ಇಲ್ಲ, ಆದರೂ ಸೋಂಕು ಕಂಡ ಮಾಂಸ ತಿನ್ನಬೇಡಿ ಅನ್ನುತ್ತಾರೆ. ಫಲಿತಾಂಶ ಬರುವವರೆಗೆ ಫ್ರೀಜರಿನಲ್ಲಿ ಇರಲಿ, ಮಾಂಸದ ಅಡುಗೆಗೆ ಹಾಕುವ ಕೊಡಗಿನ ಹುಳಿ, ಕಾಚಂಪುಳಿ, ನನ್ನ ಹತ್ತಿರ ಇದೆ.

ಸೆಪ್ಟೆಂಬರ್ ಎರಡನೇ ಶನಿವಾರ ನಾನು ಬರುತ್ತೇನೆ. ಮೂರನೆಯವರಾಗಿ ಆ ರೈತನನ್ನೇ ಕರೆದುಬಿಡು, ಎಲ್ಲಿ ನಿಲ್ಲಿಸುತ್ತೇವೆ ಅಂತ ಅವನಿಗೂ ಗೊತ್ತಾಗಲಿ. ಅಷ್ಟರೊಳಗೆ ಮಗಳ ತೂಕ ನೋಡಿ ಕಳಿಸು, ಜಾಕೆಟ್ಟು ಬೂಟು ಎಲ್ಲ ಹಾಕಿಕೊಂಡ ತೂಕ. ಸವಿತಾಗೆ ಅಡುಗೆಯ ತಾಪತ್ರಯ ಬೇಡ ಅಂತ ಹೇಳು, ಚಿತ್ರಾನ್ನ ನಾನೇ ತರುತ್ತೇನೆ.

ನಿನ್ನ,
ಗಣೇಶ