ಅಮ್ಮ ಕೊಟ್ಟ ಸೀರೆ ಡಬ್ಬದಲ್ಲೇ ಇದೆ ಅಂದೆಯಲ್ಲ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಬೇರೆ ಸಮಾಚಾರವೆಲ್ಲ ನಿಮ್ಮಮ್ಮ ಫೋನಿನಲ್ಲೇ ಹೇಳಿದ್ದಳು, ಅದನ್ನು ಬಿಡೋಣ. ನಿನ್ನ ಕಾಗದದ ಕೊನೆಯ ಸಾಲು ನನ್ನನ್ನು ರಾತ್ರಿಯೆಲ್ಲ ಕೊರೆಯಿತು: “35 ತುಂಬಿತು ಅಂತ ಅಮ್ಮ ಕೊಟ್ಟ ಮೈಸೂರು ಸಿಲ್ಕ್ ನನ್ನ ಕೈಯಲ್ಲಿ ಹಾಳಾದೀತು ಅಂತ ಭಯ, ಡಬ್ಬದಿಂದ ತೆಗೆದೇ ಇಲ್ಲ.”

ಅಯ್ಯೋ, ಡಬ್ಬದಲ್ಲಿದ್ದೇ ಹಾಳಾಗುತ್ತೆ ಕಣೆ. ಮಂಗಳೂರಿನ ಮಳೆಗಾಲದಲ್ಲಿ ರಟ್ಟು ತೇವ ಹೀರುತ್ತೆ, ಪ್ಲಾಸ್ಟಿಕ್ ಕವರು ಒಳಗಿನ ತೇವವನ್ನು ಹೊರಗೆ ಬಿಡೋದಿಲ್ಲ. ಬೂಷ್ಟು ಹಿಡಿಯುತ್ತೆ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಅಂಚಿನ ಜರಿ ಅಲ್ಲೇ ಮುರಿದು, ಜೊತೆಗೆ ರೇಷ್ಮೆಯೂ ಬಿರಿಯುತ್ತೆ. ನಿಮ್ಮಜ್ಜಿ ಕೊಟ್ಟ ಸೀರೆಯನ್ನು ನಾನೂ ಹೀಗೇ ಜೋಪಾನ ಮಾಡಿದ್ದೆ. ಬಿಡಿಸುವ ಹೊತ್ತಿಗೆ ಮಡಿಕೆ ಮಡಿಕೆಗೂ ಸೀಳು. ನೋಡೋಕೆ ಅಜ್ಜಿಯೂ ಇರಲಿಲ್ಲ. ಅದು ಹೋಗಲಿ.

ಹಳೆಯ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡು. ಗಂಜಿ ಹಾಕಿದ್ದು ಬೇಡ, ಅದಕ್ಕೆ ಹುಳ ಬರುತ್ತೆ. ಜರಿ ಒಳಗೆ ಬರುವಂತೆ ಮಡಿಸು. ಮೂರು ತಿಂಗಳಿಗೊಮ್ಮೆ ತೆಗೆದು, ನೆರಳಲ್ಲಿ ಒಂದು ಗಂಟೆ ಗಾಳಿಗೆ ಹರವಿ, ಮಡಿಕೆಯ ಜಾಗವನ್ನು ನಾಲ್ಕು ಬೆರಳು ಸರಿಸಿ ಮತ್ತೆ ಮಡಿಸು. ನುಸಿಗುಳಿಗೆ ಸೀರೆಗೆ ತಾಗಲೇಬಾರದು. ಅದಕ್ಕಿಂತ ನಾಲ್ಕೈದು ಲವಂಗವನ್ನು ಸಣ್ಣ ಬಟ್ಟೆಯಲ್ಲಿ ಕಟ್ಟಿ ಬೀರುವಿನ ಮೂಲೆಯಲ್ಲಿಡೋದು ವಾಸಿ.

ಜರಿ ಕಪ್ಪಾದರೆ ಅಂತ ಕೇಳಿದ್ದೀ. ನಿಮ್ಮಮ್ಮ ತಂದಿರೋದು ಕೆಎಸ್‌ಐಸಿಯದು, ಅಂದರೆ ಸರ್ಕಾರದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ್ದು. ಅದರ ಜರಿಯಲ್ಲಿ 65% ಬೆಳ್ಳಿ, ಬಂಗಾರ ಬರೀ 0.65%, ಮೇಲಿನ ಲೇಪ ಅಷ್ಟೇ. ಬೆವರು, ಸೆಂಟು ಕೂತರೆ ಆ ಬೆಳ್ಳಿ ಕಪ್ಪಾಗುತ್ತೆ. ಹಾಗಾದಾಗ ಹುಣಸೆಹಣ್ಣು, ಟೂತ್‌ಪೇಸ್ಟು ಅಂತ ಯಾರು ಹೇಳಿದರೂ ಉಜ್ಜಬೇಡ, ಬಂಗಾರವೇ ಎದ್ದು ಹೋಗುತ್ತೆ. ಸೆಂಟು ಹಾಕೋದಿದ್ದರೆ ಸೀರೆ ಉಡುವ ಮೊದಲೇ ಹಾಕಿ ಆರಿಸಿಕೋ. ಉಟ್ಟು ಬಂದ ಮೇಲೆ ತಕ್ಷಣ ಮಡಿಸದೆ ಎರಡು ಮೂರು ಗಂಟೆ ನೆರಳಲ್ಲಿ ಹರವಿಬಿಡು. ನಾನು ಇಷ್ಟೆಲ್ಲ ಹೇಳಿ ನಿನ್ನ ಭಯವನ್ನೇ ಹೆಚ್ಚಿಸುತ್ತಿದ್ದೀನೋ ಏನೋ.

ಫಾಲ್ಸ್ ಹಚ್ಚಿಸಿಲ್ಲ ಅಂತ ಕಾಣುತ್ತೆ. ಹತ್ತಿಯ ಫಾಲ್ಸ್ ತಂದು, ಒಂದು ರಾತ್ರಿ ಉಪ್ಪುನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕೊಡು. ನೆನೆಸದೆ ಹಚ್ಚಿದರೆ ಆಮೇಲೆ ಫಾಲ್ಸ್ ಕುಗ್ಗಿ ಅಂಚೆಲ್ಲ ಸುಕ್ಕುಸುಕ್ಕಾಗುತ್ತೆ. ಮಿಷಿನ್ ಹೊಲಿಗೆ ಬೇಡ, ಕೈಹೊಲಿಗೆ ಅಂತ ಖಂಡಿತವಾಗಿ ಹೇಳು. ಸೀರೆಯ ತುದಿಯಲ್ಲಿ ಗುರುತಿನ ಸಂಖ್ಯೆ ಇರುತ್ತೆ, ಅದನ್ನು ಕತ್ತರಿಸಬಾರದು ಅಂತಲೂ.

ಉಟ್ಟಾಗ ಕಾಲುಂಗುರಕ್ಕೆ ಎಳೆ ಸಿಕ್ಕೀತು. ನಿನ್ನ ಎದೆ ಧಸಕ್ಕೆನ್ನೋದು ಆಗಲೇ ಅಂತ ಗೊತ್ತು. ಕತ್ತರಿ ಹುಡುಕಬೇಡ. ಆ ಜಾಗವನ್ನು ಎರಡೂ ಕೈಯಿಂದ ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಮೆಲ್ಲಗೆ ಎಳೆ. ಈ ಸೀರೆ ಕ್ರೇಪಿನದು, ಅದರ ನೂಲು ಬಿಗಿಯಾಗಿ ಹುರಿ ಮಾಡಿದ್ದು, ಎಷ್ಟೋ ಸಲ ತಾನೇ ಒಳಗೆ ಹೋಗುತ್ತೆ. ಉಳಿದದ್ದನ್ನು ಮೊಂಡು ಸೂಜಿಯಿಂದ ಹಿಂಬದಿಗೆ ತಳ್ಳು. ಎಣ್ಣೆ ಬಿದ್ದರೆ ನೀರು ಮುಟ್ಟಿಸದೆ ಟಾಲ್ಕಂ ಪೌಡರ್ ಸುರಿದು ರಾತ್ರಿಯಿಡೀ ಬಿಟ್ಟು ಕೊಡವು. ಹೋಗದಿದ್ದರೆ ಡ್ರೈಕ್ಲೀನಿಗೆ ಕೊಡು, ಬಿದ್ದದ್ದು ಏನು ಅಂತ ಚೀಟಿ ಬರೆದು ಅಂಟಿಸಿ.

ಇಷ್ಟು ಮಾಡಿಯೂ ಏನಾದರೂ ಆದರೆ? ನೀನು ಅದನ್ನೇ ಕೇಳುತ್ತೀ ಅಂತ ಗೊತ್ತು. ಆಗಲಿ ಬಿಡು. ಮೊನ್ನೆ ನಿಮ್ಮಮ್ಮ ಕೇಳಿದ್ದು ಸೀರೆ ಹೇಗಿದೆ ಅಂತಲ್ಲ, “ಅವಳಿಗೆ ಬಣ್ಣ ಹಿಡಿಸಲಿಲ್ಲವೇನೋ, ಉಟ್ಟ ಫೋಟೋನೇ ಕಳಿಸಿಲ್ಲ” ಅಂದಳು.

ಸುತ್ತೋಕೆ ಬಟ್ಟೆ ಇಲ್ಲದಿದ್ದರೆ ಹೇಳು. ದೊಡ್ಡಪ್ಪನ ಹಳೆಯ ಪಂಚೆ ಎರಡಿವೆ, ಗಂಜಿ ಹೋಗುವ ಹಾಗೆ ತೊಳೆದು ಕೊರಿಯರ್ ಮಾಡುತ್ತೀನಿ.

ನಿನ್ನ
ದೊಡ್ಡಮ್ಮ